ಮೂರು ತುಂಡು ಜರ್ಮನ್

ನನಗೆ ಜರ್ಮನ್ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಹೆಂಡತಿಯನ್ನು ಕೇಳಿದರೆ ಅವಳು ಬೇರೆಯೇ ಹೇಳುತ್ತಾಳೆ. ಪೂರ್ತಿ ಬರುವುದಿಲ್ಲ, ಮೂರರಲ್ಲಿ ಒಂದು ಭಾಗ ಬರುತ್ತದೆ, ಅದು ನಿಜ. ಆದರೆ ಆ ಒಂದು ಭಾಗ ನನ್ನಷ್ಟು ಗಟ್ಟಿಯಾಗಿ ಖುದ್ದು ಜರ್ಮನರಿಗೂ ಬರಲಿಕ್ಕಿಲ್ಲ.

ಇಡೀ ಪ್ರಕರಣಕ್ಕೆ ಮೂಲ ನನ್ನ ಷಡ್ಡಕ. ಆತ ಇದ್ದಕ್ಕಿದ್ದ ಹಾಗೆ ಗಿಟಾರ್ ಕಲಿಯಲು ಶುರುಮಾಡಿದ. ನನ್ನ ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿ ಬಂದವಳು ಚಪ್ಪಲಿ ಬಿಡುವ ಮೊದಲೇ, "ಭಾವ ಈ ವಯಸ್ಸಲ್ಲಿ ಏನೇನೋ ಕಲೀತಾರೆ. ನೀವು?" ಎಂದಳು. ನಾನು ಸ್ವಾಭಿಮಾನಿ. ಮಾರನೇ ದಿನವೇ ಹಳೇ ಪುಸ್ತಕದ ಅಂಗಡಿಗೆ ಹೋಗಿ 'ಮನೆಯಲ್ಲೇ ಜರ್ಮನ್ ಕಲಿಯಿರಿ' ಎಂಬ ದಪ್ಪ ಪುಸ್ತಕಕ್ಕೆ ಕೈಹಾಕಿದೆ. ಅದೇ ಗಳಿಗೆಯಲ್ಲಿ ಇನ್ನೆರಡು ಕೈ ಅದರ ಮೇಲೆ ಬಿದ್ದವು. ಒಂದು ನಮ್ಮ ಬೀದಿಯ ಔಷಧಿ ಅಂಗಡಿಯವರದು. ಅವರಿಗೆ ಮಾತ್ರೆ ಡಬ್ಬಿಯೊಳಗಿನ ಚೀಟಿಯಲ್ಲಿ ಜರ್ಮನರು ಏನು ಬರೆದಿರುತ್ತಾರೆಂದು ತಿಳಿಯಬೇಕಿತ್ತು. ಇನ್ನೊಂದು ಟೈಲರ್‌ದು. ಅವರ ಹೊಲಿಗೆ ಯಂತ್ರದ ಮೇಲೆ ಮೂವತ್ತು ವರ್ಷದಿಂದ ಏನೋ ಜರ್ಮನ್‌ನಲ್ಲಿ ಕೊರೆದಿತ್ತು, ಅದು ಹೊಗಳಿಕೆಯೋ ಎಚ್ಚರಿಕೆಯೋ ಅವರಿಗೆ ಗೊತ್ತಾಗಬೇಕಿತ್ತು.

ಮೂವರಲ್ಲಿ ಯಾರೂ ಕೈ ತೆಗೆಯಲಿಲ್ಲ. ಕೊನೆಗೆ ಪುಸ್ತಕವನ್ನು ಟೈಲರ್ ಅಂಗಡಿಗೆ ಹೊತ್ತುಕೊಂಡು ಹೋಗಿ, ಅವರ ದೊಡ್ಡ ಕತ್ತರಿಯಿಂದಲೇ ಮೂರು ತುಂಡು ಮಾಡಿದೆವು. ತಿಂಗಳಿಗೊಮ್ಮೆ ಅದಲುಬದಲು ಎಂದು ಕರಾರಾಯಿತು. ಚೀಟಿ ಎತ್ತಿದಾಗ ನನಗೆ ಬಂದದ್ದು ಪ್ರಶ್ನೆಗಳ ಭಾಗ. ಔಷಧಿ ಅಂಗಡಿಯವರಿಗೆ ಉತ್ತರಗಳ ಭಾಗ. ಟೈಲರ್‌ಗೆ 'ವೈದ್ಯರ ಬಳಿ' ಎಂಬ ಭಾಗ: ಅಂಗಾಂಗಗಳು, ಕಾಯಿಲೆಗಳು, ನೋವುಗಳು. ಕತ್ತರಿಸಿದ್ದು ಹಿಂಜಿದ ಹಾಗೆ ಕಾಣುತ್ತಿದೆ ಎಂದು ಟೈಲರ್ ಮೂರೂ ತುಂಡುಗಳ ಅಂಚನ್ನು ಒಂದೇ ಅಳತೆಗೆ ಕತ್ತರಿಸಿ ಚೆಂದ ಮಾಡಿಕೊಟ್ಟರು. ಪ್ರಶ್ನೆ ಮತ್ತು ಉತ್ತರಗಳ ಕ್ರಮಸಂಖ್ಯೆ ಆ ಅಂಚಿನಲ್ಲೇ ಇತ್ತು. ಅದು ಗುಂಡಿ ಕಟ್ಟುವ ಕಾಗದವಾಗಿ ಹೋಯಿತು.

ಒಂದು ತಿಂಗಳಾಯಿತು. "ನಂದಿನ್ನೂ ಪಕ್ಕಾ ಆಗಿಲ್ಲ, ಮುಂದಿನ ತಿಂಗಳು ಕೊಡ್ತೀನಿ" ಎಂದರು ಔಷಧಿ ಅಂಗಡಿಯವರು. ನಾನೂ ಅದನ್ನೇ ಹೇಳಿದೆ. ಟೈಲರ್ ಅಂತೂ ಇನ್ನೂ ಮೂತ್ರಪಿಂಡದಲ್ಲೇ ಇದ್ದರು. ಹೀಗೆ ಒಂದು ವರ್ಷ ಕಳೆಯಿತು, ಯಾರ ತುಂಡೂ ಯಾರಿಗೂ ಹೋಗಲಿಲ್ಲ.

ಆದರೆ ಅಭ್ಯಾಸ ಮಾತ್ರ ತಪ್ಪಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಟೈಲರ್ ಅಂಗಡಿಯ ಮೂರು ಸ್ಟೂಲುಗಳ ಮೇಲೆ ಮೂವರೂ ಕೂರುತ್ತಿದ್ದೆವು. ನಾನು, "ವೀ ಹೈಸನ್ ಜೀ?" ಎಂದು ಗುಡುಗುತ್ತಿದ್ದೆ. ಅಂದರೆ, ನಿಮ್ಮ ಹೆಸರೇನು? ಔಷಧಿ ಅಂಗಡಿಯವರು ಗಂಟಲು ಸರಿಮಾಡಿಕೊಂಡು, "ಉಮ್ ಹಾಲ್ಬ್ ತ್ಸೇನ್, ಫೊನ್ ಗ್ಲೈಸ್ ತ್ಸ್ವಾಯ್" ಎನ್ನುತ್ತಿದ್ದರು. ಅಂದರೆ, ಒಂಬತ್ತೂವರೆಗೆ, ಎರಡನೇ ಪ್ಲಾಟ್‌ಫಾರ್ಮಿನಿಂದ. ಜರ್ಮನರು ಸುತ್ತಿ ಬಳಸಿ ಮಾತಾಡುವ ಜನ ಎಂದು ನಾವು ಬಹಳ ಬೇಗ ಅರ್ಥಮಾಡಿಕೊಂಡೆವು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಟೈಲರ್‌ಗೆ ಜ್ವರ ಬಂದು, ಬೆನ್ನು ಹಿಡಿದುಕೊಂಡು, ನಾಲಿಗೆ ಚಾಚಿಯೇ ಮುಗಿಯಬೇಕು. ಅವರಿಗೆ ಬೇರೆ ಏನೂ ಬರುತ್ತಿರಲಿಲ್ಲ, ಪಾಪ.

ಮನೆಯಲ್ಲಿ ನಾನು ಸ್ನಾನದ ಕೋಣೆಯಲ್ಲಿ ಉಚ್ಚಾರಣೆ ತಿದ್ದಿಕೊಳ್ಳುತ್ತಿದ್ದೆ. ಮೂರನೇ ದಿನ ಪಕ್ಕದ ಮನೆ ಅಜ್ಜಿ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡು, "ಯಜಮಾನ್ರಿಗೆ ಗಂಟಲಲ್ಲಿ ಏನೋ ಸಿಕ್ಕಾಕಿಕೊಂಡಿದೆ ಕಣಮ್ಮ. ತೋರಿಸಿ. ಸುಮ್ನೆ ಬಿಡಬೇಡಿ" ಎಂದರು.

"ಜರ್ಮನ್ ಸಿಕ್ಕಾಕಿಕೊಂಡಿದೆ ಅಜ್ಜಿ" ಎಂದಳು ನನ್ನ ಹೆಂಡತಿ. "ಅದಕ್ಕೆ ಔಷಧಿ ಇಲ್ವಂತೆ."

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಡುವೆ ಒಂದು ಕುರ್ಚಿ ಬಂತು.

ನಾನು ಬಿಸ್ಕತ್ತು ಕಾರ್ಖಾನೆಯ ಸ್ಟೋರಿನಲ್ಲಿ ಸಹಾಯಕ. ಸ್ಟೋರಿನ ಕಿಟಕಿಯಲ್ಲಿ ನಿಂತು ಕೇಳಿದವರಿಗೆ ಬೋಲ್ಟು, ಬೆಲ್ಟು, ಗ್ರೀಸ್ ಡಬ್ಬಿ ತೆಗೆದುಕೊಡುವುದು ನನ್ನ ಕೆಲಸ. ಸಹಾಯಕರು ನಿಂತೇ ಇರಬೇಕು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದ ನಿಯಮ. ಹದಿನೆಂಟು ವರ್ಷ ನಿಂತಿದ್ದೇನೆ. ನನ್ನ ಎರಡು ಮಂಡಿಗಳೂ ಮೆಟ್ಟಿಲು ಹತ್ತುವಾಗ ಬೇರೆಬೇರೆ ಸದ್ದು ಮಾಡುತ್ತವೆ. ಒಳಗೆ ಕೈಗಳಿರುವ, ದಿಂಬಿರುವ ಒಂದೇ ಒಂದು ಕುರ್ಚಿ. ಅದು ಸ್ಟೋರ್ ಕೀಪರ್‌ದು. ಅವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇಬ್ಬರು ಅರ್ಜಿ ಹಾಕಿದ್ದೆವು: ನಾನು ಮತ್ತು ನನ್ನ ಪಕ್ಕದಲ್ಲೇ ನಿಲ್ಲುವ ಪೆನ್ಸಿಲ್. ಕಿವಿಯ ಮೇಲೆ ಸದಾ ಪೆನ್ಸಿಲ್ ಇಟ್ಟುಕೊಳ್ಳುವುದರಿಂದ ಅವನಿಗೆ ಆ ಹೆಸರು.

ಅರ್ಜಿಯ ಕೊನೆಯಲ್ಲಿ 'ತಿಳಿದಿರುವ ಇತರ ಭಾಷೆಗಳು' ಎಂದು ಒಂದು ಖಾಲಿ ಜಾಗವಿತ್ತು. ಪೆನ್ಸಿಲ್ ಅಲ್ಲಿ ಗೆರೆ ಎಳೆದ. ನಾನು 'ಜರ್ಮನ್, ನಿರರ್ಗಳ' ಎಂದು ಬರೆದೆ. ಪ್ರಶ್ನೆ ಕೇಳುವುದರಲ್ಲಿ ನಾನು ನಿರರ್ಗಳವೇ, ಅದರಲ್ಲಿ ಸುಳ್ಳೇನಿಲ್ಲ.

ಮ್ಯಾನೇಜರ್ ಅರ್ಜಿ ನೋಡಿ ಕನ್ನಡಕ ಮೇಲಕ್ಕೆ ಸರಿಸಿದರು. "ಜರ್ಮನ್ನಾ? ನಮ್ಮ ಪ್ಯಾಕಿಂಗ್ ಯಂತ್ರ ಜರ್ಮನ್‌ದೇ ಅಲ್ವೇನ್ರೀ?"

"ಹೌದು ಸಾರ್. ಅದಕ್ಕೇ ಕಲಿತೆ" ಎಂದೆ. ಬಾಯಿಂದ ಬಂದುಬಿಟ್ಟಿತು.

ಯಂತ್ರ ಈ ಮಾತು ಕೇಳಿಸಿಕೊಂಡಿತೋ ಏನೋ, ಮುಂದಿನ ಮಂಗಳವಾರ ನಿಂತೇಹೋಯಿತು. ಬಿಸ್ಕತ್ತು ಸುತ್ತುವ ಕಾಗದವನ್ನು ಒಳಗೆ ಎಳೆದುಕೊಳ್ಳುತ್ತದೆ, ಚೂರುಚೂರು ಮಾಡಿ ಹೊರಗೆ ಉಗುಳುತ್ತದೆ. ಪ್ಯಾಕಿಂಗ್ ವಿಭಾಗದ ನಲವತ್ತು ಜನ ಕೈಯಲ್ಲೇ ಸುತ್ತಲು ಕೂತರು. ಮ್ಯಾನೇಜರ್ ನನ್ನನ್ನು ಕರೆಸಿ, "ಕಂಪನಿಗೆ ಬರೀರಿ, ಇಂಜಿನಿಯರ್ ಕಳಿಸ್ಲಿ. ಭಾಷೆ ಬಲ್ಲೋರು ನೀವು, ಸ್ವಲ್ಪ ಗತ್ತಾಗೇ ಬರೀರಿ" ಎಂದರು.

ನಮ್ಮ ಕಚೇರಿಯ ಪದ್ಧತಿ ಹೀಗೆ: ಬಿಡಿಭಾಗ, ರಿಪೇರಿ ಎಂದರೆ ಪತ್ರ ಬರೆಯುವುದು ನಾನು, ಸಹಿ ಮಾಡುವುದು ಮ್ಯಾನೇಜರ್. ಸಹಿ ಮಾಡುವಾಗ ಅವರು ಫೋನಿನಲ್ಲಿ ಮಾತಾಡುತ್ತಾ ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ. ಹದಿನೆಂಟು ವರ್ಷದಲ್ಲಿ ಒಂದು ಪತ್ರವನ್ನೂ ಓದಿದವರಲ್ಲ. ನಾನು ಬರೆಯುತ್ತಿದ್ದಾಗ ಪೆನ್ಸಿಲ್ ಹಿಂದೆ ನಿಂತು ಹೆಗಲ ಮೇಲಿಂದ ಇಣುಕಿ ನೋಡುತ್ತಾ, "ಜರ್ಮನ್ ಪಂಡಿತರು ಏನ್ ಬರೀತಾರೋ ನೋಡೋಣ" ಎಂದ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಭಾಷೆಯಲ್ಲೇ ಹೀಗೆ ಬರೆದೆ: 'ಯಂತ್ರದ ಸೂಕ್ಷ್ಮಗಳನ್ನು ನಾನು ಜರ್ಮನ್ ಭಾಷೆಯಲ್ಲಿ ಮಾತ್ರ ತೃಪ್ತಿಯಾಗಿ ಚರ್ಚಿಸಬಲ್ಲೆ. ಆದ್ದರಿಂದ ಜರ್ಮನ್ ಬಲ್ಲ ಇಂಜಿನಿಯರನ್ನೇ ಕಳಿಸಿಕೊಡಬೇಕಾಗಿ ವಿನಂತಿ.' ಪೆನ್ಸಿಲ್ ಬಾಯಿ ಮುಚ್ಚಿತು. ಮ್ಯಾನೇಜರ್ ಕಿಟಕಿಯ ಹೊರಗೆ ನೋಡುತ್ತಾ ಸಹಿ ಹಾಕಿದರು. ಪತ್ರ ಅಂದೇ ಫ್ಯಾಕ್ಸಿನಲ್ಲಿ ಹೋಯಿತು. ಆ ಕಂಪನಿ ಯಾವಾಗಲೂ ಒಂದು ಡಬ್ಬಿ ಬಿಡಿಭಾಗ ಕಳಿಸಿ ಸುಮ್ಮನಾಗುತ್ತದೆ, ಹಾಗಾಗಿ ನನಗೆ ಯಾವ ಭಯವೂ ಇರಲಿಲ್ಲ.

ಶುಕ್ರವಾರ ಉತ್ತರ ಬಂತು. 'ತಮ್ಮ ಇಚ್ಛೆಯಂತೆ ಜರ್ಮನ್ ಬಲ್ಲ ಇಂಜಿನಿಯರ್ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ.'

"ಮಾತಾಡಿ ಯಂತ್ರ ಓಡಿಸಿ, ಕುರ್ಚಿ ನಿಮ್ಮದು" ಎಂದರು ಮ್ಯಾನೇಜರ್. "ಓಡ್ಲಿಲ್ಲ ಅಂದ್ರೆ ಪೆನ್ಸಿಲ್ ಕೂರ್ತಾನೆ. ನೀವು ನಿವೃತ್ತಿ ಆಗೋವರೆಗೂ ನಿಂತಿರಿ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದೇ ಭಯ ಹುಟ್ಟಿಸಿತು. ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಆ ಕುರ್ಚಿ ಬಂದ್ರೆ ಸಾಕು ಕಣ್ರೀ. ಸಂಜೆ ಮನೆಗೆ ಬಂದು ಮೆಟ್ಟಿಲ ಕೆಳಗೇ ಕೂತ್ಬಿಡ್ತೀರಲ್ಲ, ನಂಗೆ ನೋಡೋಕಾಗಲ್ಲ" ಎಂದಳು. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು, "ನಿಮಗೆ ಕೇಳೋಕೆ ಮಾತ್ರ ಬರುತ್ತೆ. ಉತ್ತರ ಬರೋರನ್ನ ಜೊತೆಗೆ ಕರ್ಕೊಂಡು ಹೋಗೋಕೇನು ರೋಗ?" ಎಂದಳು. ನಾನು ಆಗಲೇ ಇದನ್ನು ಯೋಚಿಸಿದ್ದೆ ಎಂದು ಹೇಳಿದೆ.

ಶನಿವಾರ ಹತ್ತಕ್ಕೆ ನಾವು ಮೂವರೂ ಪ್ಯಾಕಿಂಗ್ ವಿಭಾಗದಲ್ಲಿ ಸಾಲಾಗಿ ನಿಂತಿದ್ದೆವು. ಔಷಧಿ ಅಂಗಡಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಟೈಲರ್ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಇವರೆಲ್ಲ ಯಾರ್ರೀ?" ಎಂದರು ಮ್ಯಾನೇಜರ್.

"ನನ್ನ ಭಾಷಾ ಸಹಾಯಕರು ಸಾರ್. ಒಬ್ಬರು ಸಾಮಾನ್ಯ ವಿಭಾಗ. ಇವರು ವಿಶೇಷ ತಜ್ಞರು."

"ಟೇಪ್ ಯಾಕೆ?"

"ತಜ್ಞರಿಗೆ ಅಳತೆ ಬೇಕಾಗುತ್ತೆ ಸಾರ್."

ಇಂಜಿನಿಯರ್ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ದೊಡ್ಡ ಚೀಲ, ಹಣೆಯ ಮೇಲೆ ಬೆವರು. ದೂರದ ಊರಿನಿಂದ ಬಂದ ದಣಿವು ಎಂದುಕೊಂಡೆ. ನಾನು ಎದೆಯುಬ್ಬಿಸಿ ಮುಂದೆ ಹೋಗಿ, "ಗುಟೆನ್ ಟಾಗ್!" ಎಂದೆ. ಅವರೂ "ಗುಟೆನ್ ಟಾಗ್" ಎಂದರು. ನಲವತ್ತು ಜನ ಬಿಸ್ಕತ್ತು ಸುತ್ತುವುದನ್ನು ನಿಲ್ಲಿಸಿದರು. ಪೆನ್ಸಿಲ್ ಮುಖ ಸಣ್ಣದಾಯಿತು.

ಅಷ್ಟಕ್ಕೇ ನಿಲ್ಲಿಸುವ ಹಾಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಇನ್ನೂರ ಹನ್ನೆರಡು ಪ್ರಶ್ನೆ, ಒಂದರಲ್ಲೂ ಯಂತ್ರ ಇಲ್ಲ. ಯಂತ್ರದ ಮೇಲೆ ಕೈಯಿಟ್ಟು, ಬಹಳ ಗಂಭೀರವಾಗಿ, ನಿಮ್ಮ ಕುಟುಂಬದಲ್ಲಿ ಯಾರು ಯಾರಿದ್ದಾರೆ ಎಂದು ಜರ್ಮನ್‌ನಲ್ಲಿ ಕೇಳಿದೆ.

ಇಂಜಿನಿಯರ್ ಒಂದು ಕ್ಷಣ ನನ್ನನ್ನು ನೋಡಿದರು. ಯಂತ್ರವನ್ನು ನೋಡಿದರು. ಎರಡು ಬೆರಳು ಎತ್ತಿ ಏನೋ ಉದ್ದಕ್ಕೆ ಹೇಳಿದರು.

"ಏನಂತೆ? ಏನಂತೆ?" ಎಂದರು ಮ್ಯಾನೇಜರ್.

ನನಗೆ ಒಂದಕ್ಷರವೂ ಗೊತ್ತಾಗಿರಲಿಲ್ಲ, ಬೆರಳು ಮಾತ್ರ ಕಂಡಿತ್ತು. "ಎರಡು ಭಾಗ ನೋಡಬೇಕಂತೆ ಸಾರ್."

"ಯಾವೆರಡು?"

"ಜೋಡಿ. ಎರಡೂ ಒಂದೇ ತರ ಇರ್ತಾವಂತೆ."

"ಅಬ್ಬಾ! ಬರ್ತಿದ್ದ ಹಾಗೇ ಹೇಳಿಬಿಟ್ರಾ!" ಎಂದು ಮ್ಯಾನೇಜರ್ ಬರೆದುಕೊಂಡರು.

ಅಷ್ಟರಲ್ಲಿ ಔಷಧಿ ಅಂಗಡಿಯವರು ನನ್ನ ಅಂಗಿ ಹಿಡಿದೆಳೆದರು. ಮುಖ ಕೆಂಪಗಾಗಿತ್ತು. ಕಿವಿಯಲ್ಲಿ, "ರೀ, ಅವರು ಹೇಳಿದ್ದು ನನ್ನ ಉತ್ತರ. ನನಗೆ ಇಬ್ಬರು ತಂಗಿಯರು, ಒಬ್ಬಳಿಗೆ ಮದುವೆಯಾಗಿದೆ, ಇನ್ನೊಬ್ಬಳು ಪಿಟೀಲು ಬಾರಿಸುತ್ತಾಳೆ. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ನನ್ನ ಉತ್ತರ ಇವರ ಬಾಯಿಗೆ ಹೇಗ್ರೀ ಬಂತು?" ಎಂದರು.

"ಅವರಿಗೂ ಇಬ್ಬರು ತಂಗಿಯರಿರಬಹುದು."

"ಪಿಟೀಲು?"

ನಾನು ಪರೀಕ್ಷೆ ಮಾಡಲು ಇನ್ನೊಂದು ಬಾಣ ಬಿಟ್ಟೆ. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ? ಇಂಜಿನಿಯರ್ ಬೆವರು ಒರೆಸಿಕೊಂಡು, "ಉಮ್ ಹಾಲ್ಬ್ ತ್ಸೇನ್, ಫೊನ್ ಗ್ಲೈಸ್ ತ್ಸ್ವಾಯ್" ಎಂದರು.

ಒಂಬತ್ತೂವರೆಗೆ, ಎರಡನೇ ಪ್ಲಾಟ್‌ಫಾರ್ಮಿನಿಂದ! ವರ್ಷವಿಡೀ ಔಷಧಿ ಅಂಗಡಿಯವರು ತಮ್ಮ ಹೆಸರು ಎಂದು ಹೇಳಿಕೊಂಡು ಬಂದದ್ದು! ನಾನು ಇಂಜಿನಿಯರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯ, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವಂಥದು. ಅವರು ಮೆಲ್ಲಗೆ ಚೀಲದ ಬಾಯಿ ತೆರೆದು ಒಳಗೆ ತೋರಿಸಿದರು. ಸ್ಪ್ಯಾನರುಗಳ ಮಧ್ಯೆ 'ಮನೆಯಲ್ಲೇ ಜರ್ಮನ್ ಕಲಿಯಿರಿ' ಮಲಗಿತ್ತು. ಇಡಿಯಾಗಿ, ಅಂಚು ಸಮೇತ.

ಆ ಪುಸ್ತಕದಲ್ಲಿ ಪ್ರತಿ ವಾಕ್ಯದ ಕೆಳಗೂ ಐದು ಭಾಷೆಗಳಲ್ಲಿ ಅರ್ಥ ಕೊಟ್ಟಿದ್ದಾರೆ. ಮೂರನೆಯ ಸಾಲು ನಮ್ಮದು. ಇಂಜಿನಿಯರ್ ಐದನೆಯ ಸಾಲಿನ ಮೇಲೆ ಬೆರಳಿಟ್ಟು ತಮ್ಮ ಎದೆ ಮುಟ್ಟಿಕೊಂಡರು. ಅವರೂ ಜರ್ಮನರಲ್ಲ! ಯಾವುದೋ ಅರ್ಜಿಯ ಕೊನೆಯ ಜಾಗದಲ್ಲಿ ಇವರೂ ಏನೋ ಬರೆದಿರಬೇಕು. ಒಮ್ಮೆಗೇ ಒಡಹುಟ್ಟಿದ ತಮ್ಮ ಸಿಕ್ಕ ಹಾಗಾಯಿತು ನನಗೆ.

"ಏನ್ರೀ, ಸುಮ್ನೆ ನೋಡ್ತಾ ನಿಂತ್ರಿ? ಯಂತ್ರ!" ಎಂದು ಮ್ಯಾನೇಜರ್ ಕೂಗಿದರು.

ಯಂತ್ರದ ಮಾತು ಬೇಕಿತ್ತು. ಪ್ರಶ್ನೆಯಲ್ಲಿಲ್ಲ, ಉತ್ತರದಲ್ಲಿಲ್ಲ. ಆಗ ನಮ್ಮ ಟೈಲರ್, ವರ್ಷವಿಡೀ ಬರೀ ಕಾಯಿಲೆ ಬಿದ್ದ ನಮ್ಮ ಟೈಲರ್, ಟೇಪು ಸರಿಮಾಡಿಕೊಂಡು ಮುಂದೆ ಬಂದರು. ಯಂತ್ರದ ಬೆನ್ನು ತಟ್ಟಿ ಜರ್ಮನ್‌ನಲ್ಲಿ ಶುರುಮಾಡಿದರು. ಡಾಕ್ಟರೇ, ಮಂಗಳವಾರದಿಂದ ಹುಷಾರಿಲ್ಲ. ಹಸಿವಿದೆ, ಆದರೆ ನುಂಗಲು ಆಗುತ್ತಿಲ್ಲ. ತಿಂದದ್ದೆಲ್ಲ ವಾಂತಿ. ಇಲ್ಲಿ, ಗಂಟಲಲ್ಲಿ, ಏನೋ ಚುಚ್ಚಿದ ಹಾಗಾಗುತ್ತದೆ.

ಇಂಜಿನಿಯರ್ ಮುಖದಲ್ಲಿ ಬೆಳಕು ಮೂಡಿತು. "ವೋ ಟೂಟ್ ಎಸ್ ವೇ?" ಎಂದರು. ಎಲ್ಲಿ ನೋವು? ಟೈಲರ್ ಕಾಗದ ಒಳಹೋಗುವ ಜಾಗ ತೋರಿಸಿದರು. ಇಂಜಿನಿಯರ್ ಯಂತ್ರಕ್ಕೆ ಕಿವಿಯಿಟ್ಟು ಚಕ್ರ ತಿರುಗಿಸಿದರು. ಬಾಯಿ ತೆರೆಯಿರಿ ಎಂದರು. ಟೈಲರ್ ಅಭ್ಯಾಸಬಲದಿಂದ ತಮ್ಮ ಬಾಯಿ ತೆರೆದರು. ನಾನು ಯಂತ್ರದ ಮುಚ್ಚಳ ತೆರೆದೆ.

ಒಳಗೆ ಎರಡು ರೋಲರು. ಜೋಡಿ, ಒಂದೇ ತರ.

"ಆಗಲೇ ಹೇಳಿದ್ರಲ್ಲ!" ಎಂದು ಮ್ಯಾನೇಜರ್ ಬರೆದುಕೊಂಡ ಚೀಟಿಯನ್ನು ಎಲ್ಲರಿಗೂ ತೋರಿಸಿದರು.

ಆ ಎರಡರ ನಡುವೆ ಕೆಂಪು ಬಣ್ಣದ ಏನೋ ಸಿಕ್ಕಿಕೊಂಡಿತ್ತು. ಇಂಜಿನಿಯರ್ ಇಕ್ಕಳದಿಂದ ಎಳೆದರು. ಅರ್ಧ ಪೆನ್ಸಿಲ್! ನಲವತ್ತು ಜನರ ಕಣ್ಣು ಒಟ್ಟಿಗೇ ನಮ್ಮ ಪೆನ್ಸಿಲ್‌ನ ಕಿವಿಯ ಮೇಲೆ ಹೋಯಿತು. ಅಲ್ಲಿ ಹೊಸ ಪೆನ್ಸಿಲ್ ಇತ್ತು.

"ಮಂಗಳವಾರ ಕಾಗದದ ಸುರುಳಿ ಕೊಡೋಕೆ ಬಂದಾಗ ಬಗ್ಗಿದ್ದೆ ಸಾರ್" ಎಂದ ಅವನು. ಅವನ ಸ್ವರ ಕೇಳಿ ನನಗೇ ಪಾಪ ಅನ್ನಿಸಿತು, ಅಷ್ಟೇನೂ ಜಾಸ್ತಿ ಅಲ್ಲ.

ಯಂತ್ರ ಓಡಿತು. ಚಪ್ಪಾಳೆ ಬಿತ್ತು. ಇಂಜಿನಿಯರ್ ಟೈಲರನ್ನು ಅಪ್ಪಿಕೊಂಡರು. ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು, ನನಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿದರು. ಅಲ್ಲಿ ಒಬ್ಬ ಹೆಂಗಸು ಎತ್ತಿದರು, ನಮ್ಮ ಭಾಷೆಯಲ್ಲೇ ಮಾತಾಡಿದರು.

"ಬಹಳ ಸಂತೋಷ ಸಾರ್. ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಭಾಷೆಯ ಇಂಜಿನಿಯರು ಇಲ್ಲೇ ಇದ್ರು, ಬುಧವಾರವೇ ಬಂದುಬಿಡ್ತಿದ್ರು. ಆದ್ರೆ ನೀವು ಜರ್ಮನ್ನೇ ಬೇಕು ಅಂದ್ರಲ್ಲ, ಅದಕ್ಕೆ ಅಷ್ಟು ದೂರದಿಂದ ಇವರನ್ನ ಕರೆಸಬೇಕಾಯ್ತು."

ಒಂದು ದಿನದಲ್ಲಿ ಹೋಗುತ್ತಿದ್ದ ಕಾಯಿಲೆಯನ್ನು ಶನಿವಾರದವರೆಗೆ ಸಾಕಿದವನು ನಾನೇ. ಮ್ಯಾನೇಜರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಮಂಡಿಗಳೆರಡೂ ಒಟ್ಟಿಗೆ ಸದ್ದು ಮಾಡಿದವು. ಕುರ್ಚಿ ಹೋಯಿತು ಎಂದುಕೊಂಡೆ.

"ಯಾರು ಹಾಗೆ ಬರೆದದ್ದು?" ಎಂದರು ಮ್ಯಾನೇಜರ್, ಫೋನಿಗೋ ನನಗೋ ತಿಳಿಯದ ಹಾಗೆ.

"ನೀವೇ ಸಾರ್!" ಎಂದರು ಆ ಹೆಂಗಸು. "ನಾನು ಜರ್ಮನ್‌ನಲ್ಲಿ ಮಾತ್ರ ಚರ್ಚಿಸಬಲ್ಲೆ ಅಂತ ಬರೆದು, ಕೆಳಗೆ ನೀವೇ ಸಹಿ ಮಾಡಿದೀರಲ್ಲ. ನಮ್ಮ ದೊಡ್ಡ ಸಾಹೇಬರು ಓದಿ ಖುಷಿಪಟ್ಟುಬಿಟ್ರು. ಅವರು ಹುಟ್ಟಿ ಬೆಳೆದದ್ದೇ ಜರ್ಮನಿ. ಇನ್ನು ಮೂರು ತಿಂಗಳಿಗೆ ಖುದ್ದಾಗಿ ಬರ್ತಾರಂತೆ, ನಿಮ್ಮ ಜೊತೆ ಒಂದಿಡೀ ದಿನ ಮಾತಾಡೋಕೆ."

ಮ್ಯಾನೇಜರ್ ಫೋನ್ ಕೆಳಗಿಟ್ಟರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕಡತ ತೆಗೆದು ಪತ್ರ ಓದಿದರು. ಎರಡು ಸಲ ಓದಿದರು. ನಾನು ನೇರವಾಗಿ, ಧೈರ್ಯವಾಗಿ ಹೇಳಿದೆ: "ತಪ್ಪು ನಂದೇ ಸಾರ್. ನಿಮಗೆ ಜರ್ಮನ್ ಬರಲ್ಲ, ನನಗೂ ಪೂರ್ತಿ ಬರಲ್ಲ ಅಂತ ಈಗ್ಲೇ ಫೋನ್ ಮಾಡಿ ಹೇಳಿಬಿಡ್ತೀನಿ."

"ರೀ ರೀ ರೀ!" ಎಂದು ಅವರು ಫೋನಿನ ಮೇಲೆ ಎರಡೂ ಕೈ ಇಟ್ಟರು. "ಯಾರಿಗೂ ಹೇಳ್ಬೇಡಿ. ಕುರ್ಚೀಲಿ ಕೂತ್ಕೊಳ್ಳಿ, ಸೋಮವಾರ ಒಂದನೇ ತಾರೀಖು, ಅವತ್ತಿಂದ್ಲೇ ಕೂತ್ಕೊಳ್ಳಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಭಾನುವಾರ ಎಷ್ಟು ಗಂಟೆಗೆ ಸೇರ್ತೀರಿ?"

ಸೋಮವಾರ ನಾನು ಕೂತೆ. ದಿಂಬು ಕೆಳಗೆ ಇಳಿದು 'ಉಶ್' ಎಂದಿತು. ಸಂಜೆ ಮೆಟ್ಟಿಲ ಕೆಳಗೆ ಕೂರದೆ ನೇರ ಮೇಲೆ ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅಕ್ಕನಿಗೆ ಫೋನ್ ಮಾಡಿ, "ಭಾವನ ಗಿಟಾರ್ ಎಲ್ಲಿಗೆ ಬಂತು?" ಎಂದು ಕೇಳಿದಳು.

ಭಾನುವಾರ ಮ್ಯಾನೇಜರ್ ನಾನು ಹೇಳಿದ ಹೊತ್ತಿಗಿಂತ ಮುಂಚೆಯೇ ಟೈಲರ್ ಅಂಗಡಿಗೆ ಬಂದರು. ಅಲ್ಲಿರುವುದು ಮೂರೇ ಸ್ಟೂಲು. ಅವರು ಒಳಗೆ ಬಂದು ಸುತ್ತ ನೋಡಿ ನನ್ನದರ ಮೇಲೆ ಕೂತರು. ಟೈಲರ್ ಕತ್ತರಿ ಕೈಗೆತ್ತಿಕೊಂಡು, "ಯಾರ ಭಾಗದಲ್ಲಿ ಕತ್ತರಿಸಿ ಕೊಡಲಿ ಸಾರ್?" ಎಂದರು.

"ಕತ್ತರಿಸೋದು ಬೇಡ" ಎಂದು ಮ್ಯಾನೇಜರ್ ನನ್ನ ಕೈಯಲ್ಲಿದ್ದ ತುಂಡನ್ನು ಇಡಿಯಾಗಿ ತೆಗೆದುಕೊಂಡರು. "ಪ್ರಶ್ನೆ ಕೇಳೋದು ನನ್ನ ಕೆಲಸ. ಉತ್ತರ ಕೊಡೋದು ನಿಮ್ಮ ಕೆಲಸ. ಆಫೀಸಿನಲ್ಲಿ ಇರೋ ಹಾಗೇ ಇರ್ಲಿ."

ಕನ್ನಡಕ ಸರಿಮಾಡಿಕೊಂಡು, ಮೊದಲನೆಯ ಪುಟ ತೆಗೆದು, ಒಂದೊಂದೇ ಅಕ್ಷರ ಕೂಡಿಸಿ ನನ್ನ ಮುಖ ನೋಡುತ್ತಾ ಕೇಳಿದರು:

"ವೀ... ಹೈಸನ್... ಜೀ?"

ನಾನು ಕೈಕಟ್ಟಿ ನೆಟ್ಟಗೆ ನಿಂತೆ. ನಿಲ್ಲುವುದು ನನಗೆ ಅಭ್ಯಾಸ. ನನಗೆ ಬರುವ ಒಂದೇ ಒಂದು ಉತ್ತರವನ್ನು ಅಂಗಡಿ ಅದುರುವಂತೆ ಹೇಳಿದೆ: ಒಂಬತ್ತೂವರೆಗೆ, ಎರಡನೇ ಪ್ಲಾಟ್‌ಫಾರ್ಮಿನಿಂದ.

"ಶಭಾಷ್!" ಎಂದರು ಮ್ಯಾನೇಜರ್. "ಎಷ್ಟು ಸಲೀಸಾಗಿ ಹೇಳ್ತೀರಿ ನೋಡಿ."